ಪಂಪಿನೊಳಗೆ ಗಡ್ಡೆಕಟ್ಟಿದ ನೀರು

1979ರ ಚಳಿಗಾಲ. ನಾನಾಗ ಹಿಮಾಲಯದ ಎತ್ತರದ ಸರೋವರವೊಂದರಲ್ಲಿ ಸೇನೆಯ ದೋಣಿ ಓಡಿಸುವ ಹವಾಲ್ದಾರ. ಕೊಟ್ಟೂರಿನವನು, ಐಸ್‌ಕ್ಯಾಂಡಿ ಡಬ್ಬಿಯ ಹೊರಗೆ ಮಂಜುಗಡ್ಡೆ ಕಂಡವನೇ ಅಲ್ಲ. ನನ್ನ ಕೈಕೆಳಗೆ ಹೊಸದಾಗಿ ಬಂದವನು ನಮ್ಮೂರ ಹತ್ತಿರದ ಇಟ್ಟಿಗಿಯ ಈರಣ್ಣ. ಊರಲ್ಲಿ ಡೀಸೆಲ್ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವನು ಎಂದು ನನಗೆ ಅವನ ಮೇಲೆ ಭಾರಿ ನಂಬಿಕೆ.

ನಮ್ಮ ಎಂಜಿನ್ ಇನ್ನೂ ಹೆಪ್ಪುಗಟ್ಟದ ಸರೋವರದ ನೀರನ್ನೇ ಪಂಪಿನಿಂದ ಎಳೆದುಕೊಂಡು ತಣ್ಣಗಾಗುತ್ತಿತ್ತು. ಓಡುವಷ್ಟು ಹೊತ್ತು ಭಯವಿಲ್ಲ. ನಿಲ್ಲಿಸಿದ ಕೂಡಲೇ ಪಂಪಿನ ತಳದ ನಲ್ಲಿಯನ್ನು, ಅಂದರೆ ಡ್ರೇನ್ ಕಾಕ್, ತಿರುಗಿಸಿ ಒಳಗಿನ ನೀರನ್ನೆಲ್ಲ ಬಸಿದುಬಿಡಬೇಕು. ಇಲ್ಲವಾದರೆ ಅದು ಗಡ್ಡೆಕಟ್ಟಿ, ಉಬ್ಬಿ, ಎರಕದ ಕಬ್ಬಿಣವನ್ನೇ ಸೀಳುತ್ತದೆ.

ಆ ದಿನ ಆಚೆ ದಡದ ಠಾಣ್ಯದಲ್ಲಿ ಎತ್ತರದ ಕಾಯಿಲೆಯಿಂದ ಸಿಪಾಯಿಯೊಬ್ಬನ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಮೋಡ ಕವಿದು ಹೆಲಿಕಾಪ್ಟರ್ ಬರುವಂತಿರಲಿಲ್ಲ. ಡಾಕ್ಟರು ನಮ್ಮ ದಡದಲ್ಲಿದ್ದರು. ನಾನೂ ಈರಣ್ಣನೂ ದೋಣಿ ತೆಗೆದುಕೊಂಡು ಹೋದೆವು. ಡೀಸೆಲ್ ವಾಪಸಾಗುವಷ್ಟೇ ಇತ್ತು. ಹಾಗಾಗಿ ಎಂಜಿನ್ ನಿಲ್ಲಿಸಿ, ನೀರು ಬಸಿದು, ಈರಣ್ಣನನ್ನು ದೋಣಿಯಲ್ಲಿ ಬಿಟ್ಟು, ರೋಗಿಯನ್ನು ಕರೆತರಲು ನಾನು ದಿಬ್ಬ ಹತ್ತಿದೆ.

ಠಾಣ್ಯದವರ ಜೊತೆ ಸಿಪಾಯಿಯನ್ನು ಸ್ಟ್ರೆಚರಿನಲ್ಲಿ ಇಳಿಸಿ ತರುವಾಗ ಅವನ ಎದೆ ಗೊರಗೊರ ಅನ್ನುತ್ತಿತ್ತು. ತುಟಿ ನೀಲಿಗಟ್ಟಿತ್ತು. ದೋಣಿಯಲ್ಲಿ ಮಲಗಿಸಿ ಹ್ಯಾಂಡಲ್ ಹಾಕಿದರೆ ಎಂಜಿನ್ ಕದಲಲೊಲ್ಲದು. ಏನು ಮಾಡಿದೆ ಎಂದು ಈರಣ್ಣನನ್ನು ಕೇಳಿದೆ.

"ಪಂಪ್ ಒಣಗಿತ್ತಲ್ರಿ, ಕಾಕ್ ಮುಚ್ಚಿ ನೀರು ತುಂಬ್ಸಿಟ್ಟೀನಿ. ಊರಾಗ ಹಂಗ ಮಾಡ್ತೀವಲ್ರಿ," ಅಂದ.

ಹೌದು, ನಮ್ಮ ಕಡೆ ಮೊದಲು ನೀರು ತುಂಬಿಸದಿದ್ದರೆ ಪಂಪು ಬಾವಿಯ ನೀರೆತ್ತುವುದಿಲ್ಲ. ಇಲ್ಲಿ ಆ ನೀರೇ ಗಡ್ಡೆಕಟ್ಟಿ ಪಂಪನ್ನು ಹಿಡಿದಿತ್ತು. ಕೋಪ ನೆತ್ತಿಗೇರಿತು. ನಿನ್ನ ಬುದ್ಧಿಗಿಷ್ಟು ಬೆಂಕಿ ಹಚ್ಚಲೇ ಎಂದು ಬಾಯಿಗೆ ಬಂದಂತೆ ಬೈದೆ. ಬೈದರೆ ಗಡ್ಡೆ ಕರಗುತ್ತದೆಯೇ? ಬಲವಂತ ಮಾಡಿದರೆ ಪಂಪಿನ ರಬ್ಬರ್ ಚಕ್ರ ಚೂರಾಗುತ್ತದೆ. ಮತ್ತೆ ಠಾಣ್ಯ ಹತ್ತಿ ನೀರು ಕಾಯಿಸಿ ತರುವಷ್ಟರಲ್ಲಿ ಸಿಪಾಯಿ ಉಳಿಯುವುದಿಲ್ಲ.

ದೋಣಿಯಲ್ಲಿ ಬೆಚ್ಚಗಿದ್ದದ್ದು ಒಂದೇ: ಸಿಪಾಯಿಯ ಪಾದಗಳಿಗೆ ಇಟ್ಟಿದ್ದ ಬಿಸಿನೀರಿನ ರಬ್ಬರ್ ಚೀಲ. ಸಾಯುತ್ತಿರುವವನ ಕಾಲಿನಿಂದ ಅದನ್ನು ಕಿತ್ತು ಪಂಪಿಗೆ ಕಟ್ಟಿದೆ. ಶಿವನೇ, ನನ್ನ ಕೈ ಹೇಗೆ ಬಂತೋ! ಈರಣ್ಣ ತನ್ನ ಕೋಟಿನ ಗುಂಡಿ ಬಿಚ್ಚಿ, ಆ ತಣ್ಣನೆ ಪಾದಗಳನ್ನು ತನ್ನ ಬರಿಹೊಟ್ಟೆಗೆ ಅವುಚಿಕೊಂಡು ಕುಳಿತ.

ಕಾಯುವುದೊಂದೇ ಉಳಿದಿತ್ತು. ಸಿಪಾಯಿಯ ಉಸಿರು ನಡುನಡುವೆ ನಿಂತಂತಾಗುತ್ತಿತ್ತು. ಆಗೆಲ್ಲ ಅವನ ಮೂಗಿನ ಬಳಿ ಕೈ ಹಿಡಿದು ನೋಡುತ್ತಿದ್ದೆ. ಕಡೆಗೆ ತೆರೆದಿಟ್ಟ ಕಾಕಿನಿಂದ ಒಂದು ಹನಿ ಬಿತ್ತು, ಆಮೇಲೆ ನುಚ್ಚಿನಂಥ ಮಂಜು. ಹ್ಯಾಂಡಲ್ ತಿರುಗಿತು. ಪುಣ್ಯಕ್ಕೆ ಪಂಪು ಸೀಳಿರಲಿಲ್ಲ. ದಡ ಮುಟ್ಟುವವರೆಗೂ ಈರಣ್ಣ ಆ ಪಾದಗಳನ್ನು ಬಿಡಲಿಲ್ಲ. ಡಾಕ್ಟರು ಎದೆಗೆ ಕಿವಿಗೊಟ್ಟು, ಜೀವ ಇದೆ, ಬೇಗ ಎತ್ತಿ ಎಂದರು. ಅವನು ಬದುಕಿಕೊಂಡ.

ನೀರು ಬಸಿ ಎಂದು ಈರಣ್ಣನಿಗೆ ಹೇಳಿದ್ದೆ, ಯಾಕೆ ಎಂದು ಹೇಳಿರಲಿಲ್ಲ. ಹೀಗೆ ಮಾಡು ಎಂದಷ್ಟೇ ಹೇಳಿದರೆ ಸಾಲದು, ಯಾಕೆ ಎಂಬುದನ್ನೂ ಹೇಳಬೇಕು. ಅದನ್ನು ನಾನು ಕಲಿತದ್ದು ಆ ದಡದಲ್ಲಿ. ಮುಂದಿನ ಚಳಿಗಾಲಕ್ಕೆ ಹರಪನಹಳ್ಳಿ ಕಡೆಯವನೊಬ್ಬ ಹೊಸದಾಗಿ ಬಂದಾಗ ಕಲಿಸುವ ಕೆಲಸವನ್ನು ಈರಣ್ಣನಿಗೇ ಬಿಟ್ಟೆ. ನೀರು ಯಾಕೆ ಬಸಿಯಬೇಕು ಎಂದು ಹೊಸಬ ಕೇಳಿದ.

"ಆಚಿ ದಡದಾಗ ಒಬ್ಬಾಂವ ಉಸಿರಿಗೆ ಒದ್ದಾಡ್ತಿರ್ತಾನ," ಅಂದ ಈರಣ್ಣ. "ನಾ ಆ ಸಪ್ಪಳ ಕೇಳೀನಿ."