ಗೌರವ್ವ ಕಾಯಿಸಿದ ರಮ್ಮು

ಯುದ್ಧ ಮುಗಿದ ಮರುವರ್ಷದ ಮಾನೌಮಿ ಅಮಾವಾಸ್ಯೆಯಂದು, ಅಂಗಳದ ಬಿಸಿಲು ಕಟ್ಟೆ ಏರಿ ಪಡಸಾಲೆಯ ಹೊಸ್ತಿಲಿಗೆ ತಾಗುವ ಹೊತ್ತಿಗೆ, ನಾನು ಶಿಗ್ಗಾವಿಯಲ್ಲಿ ನಮ್ಮ ಎದುರುಮನೆಯ ಗೌರವ್ವನ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಬಲಗೈಯಲ್ಲಿ ಚೂರಿ, ಎಡಗೈಯಲ್ಲಿ ಅರ್ಧ ಸಿಪ್ಪೆ ತೆಗೆದ ಅನಾನಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ರಮ್ಮು ಬರುತ್ತದೆ, ಮತ್ತು ರಮ್ಮಿನ ಸಂಗತಿ ಹೇಳುವವನ ಕಣ್ಣನ್ನು ಯಾರೂ ಪೂರ್ತಿ ನಂಬುವುದಿಲ್ಲ. ನಾನು ಅಂದು ಕುಡಿದಿರಲಿಲ್ಲ. ಕುಡಿದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆನೋ ಏನೋ.

ಕನ್ನಡ ಕಲಿಸುವ ಮಾಸ್ತರನಾದ ನನಗೆ ಮದ್ಯದ ಪರಿಚಯ ಪುಸ್ತಕಗಳಿಂದ ಆದದ್ದು. ಹಳೆಯ ಕಾವ್ಯಗಳಲ್ಲಿ ಇರಲೇಬೇಕಾದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಸೂರ್ಯೋದಯ, ಚಂದ್ರೋದಯಗಳನ್ನು ಮಕ್ಕಳಿಗೆ ವಿಸ್ತಾರವಾಗಿ ಹೇಳಿ, ಆ ಭಾಗ ಬಂದಾಗ ಕೆಮ್ಮಿ ಪುಟ ತಿರುವುವುದು ನನ್ನ ರೂಢಿ. ಆ ಕವಿಗಳು ಯಾರೂ ಪಾನೀಯವನ್ನು ಹೇಗೆ ಬೆರೆಸಬೇಕೆಂದು ಬರೆದಿಲ್ಲ. ಕುಡಿದವರ ಕಣ್ಣು ಹೇಗೆ ಕೆಂಪಾಯಿತೆಂದು ಮಾತ್ರ ಬರೆದಿದ್ದಾರೆ. ಹೀಗಾಗಿ ಗೌರವ್ವ, “ಮಾಸ್ತರ್ರ, ನೀವು ಓದಿದವರು, ಇದರಾಗ ಸಕ್ಕರಿ ಮೊದಲ ಹಾಕೂದೋ ಆಮ್ಯಾಲ ಹಾಕೂದೋ?” ಎಂದು ಕೇಳಿದಾಗ ನನ್ನ ವಿದ್ಯೆ ಉಪಯೋಗಕ್ಕೆ ಬರಲಿಲ್ಲ. ಅನಾನಸು ಹೆಚ್ಚುವ ಕೆಲಸಕ್ಕೆ ಇಳಿದೆ.

ಗೌರವ್ವ ಮತ್ತು ಫಕ್ಕೀರಪ್ಪ ದಂಪತಿಗೆ ಒಬ್ಬನೇ ಮಗ, ಹನುಮಂತ. ಪಲ್ಟನ್ನಿಗೆ ಸೇರಿ ಬರ್ಮಾದ ಕಡೆ ಹೋದ. ಅಲ್ಲಿ ಸಾಹೇಬರ ಊಟದ ಮನೆಯಲ್ಲಿ ಕೆಲಸ. ರಮ್ಮಿಗೆ ಅನಾನಸಿನ ರಸ, ಮೋಸಂಬಿ, ನಿಂಬೆ, ಸಕ್ಕರೆ ಬೆರೆಸಿ ಕೊಡುವುದರಲ್ಲಿ ಅವನ ಕೈ ಪಳಗಿತ್ತಂತೆ. ಸಾಹೇಬರು ಉಳಿಸಿದ್ದನ್ನು ತಾನೂ ಒಂದು ಗುಟುಕು ಕುಡಿದು, ಊರಿನ ನೆನಪು ತೆಗೆಯುತ್ತಿದ್ದನಂತೆ. ಈ ‘ಅಂತೆ’ಗಳೆಲ್ಲ ಯಲ್ಲಪ್ಪನ ಬಾಯಿಂದ ಬಂದವು. ಯಲ್ಲಪ್ಪ ಮಾಸೂರಿನವನು, ಹನುಮಂತನ ಜೊತೆಗೇ ಪಲ್ಟನ್ನಿನಲ್ಲಿದ್ದು ತಿರುಗಿ ಬಂದವನು. ಸರಕಾರ ಹನುಮಂತ ಕಾಣೆಯಾಗಿದ್ದಾನೆ ಎಂದಷ್ಟೇ ತಿಳಿಸಿತ್ತು. ಯಲ್ಲಪ್ಪ ಮೊದಲ ಸಲ ಈ ಮನೆಗೆ ಬಂದಾಗ ಗೌರವ್ವ ಅವನ ಎರಡೂ ಕೈ ಹಿಡಿದು ಕೇಳಿದ್ದಳು. ಅವನು, “ಅಡವ್ಯಾಗ ದಾರಿ ತಪ್ಪಿತು ಯವ್ವಾ. ನಾ ಒಂದ ಕಡೆ ಹ್ವಾದೆ, ಅಂವ ಒಂದ ಕಡೆ ಹ್ವಾದ. ನಾ ಕಣ್ಣಲೆ ಏನೂ ನೋಡಿಲ್ಲ” ಎಂದಿದ್ದ.

ಆ ಮಾತಿನ ಮೇಲೆ ಗೌರವ್ವ ಬದುಕುತ್ತಿದ್ದಳು.

ಫಕ್ಕೀರಪ್ಪನ ದುಃಖ ಬೇರೆ ಬಗೆಯದು. ಮಾನೌಮಿ ಅಮಾವಾಸ್ಯೆಗೆ ಅವರ ಮನೆಯಲ್ಲಿ ಒಳಕೋಣೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರು ಬದುಕಿದ್ದಾಗ ಏನನ್ನು ಇಷ್ಟಪಡುತ್ತಿದ್ದರೋ ಅದನ್ನೇ ಇಡಬೇಕು. ಅಜ್ಜನಿಗೆ ತಂಬಾಕು, ಅಜ್ಜಿಗೆ ಸವಣೂರಿನ ಎಲೆ, ಅಡಿಕೆ. ಇಟ್ಟು, ಬಾಗಿಲು ಮುಚ್ಚಿ, ಅವರು ಉಂಡು ಹೋಗುವ ತನಕ ಹೊರಗೆ ಸುಮ್ಮನೆ ಕೂರಬೇಕು. ಮಗನಿಗೆ ಎಡೆ ಬೀಳದೆ ಅವನು ಎಲ್ಲೋ ಹಸಿದು ನಿಂತಿದ್ದಾನೆ ಎಂಬುದು ತಂದೆಯ ಸಂಕಟ. “ನೀರಡಿಸಿ ನಿಂತಿರತಾನಲೇ ಗೌರಾ, ಅಂವಗ ಕೊಡವರ ಯಾರು?” ಎನ್ನುತ್ತಿದ್ದ. ಅವಳು ಸಿಡಿಯುತ್ತಿದ್ದಳು: “ಇದ್ದ ಮಗಗ ಎಡಿ ಇಡತೀರೇನ್ರಿ? ನಿಮ್ಮ ಕೈಯರ ಹೆಂಗ ಏಳತೈತಿ?” ನಮ್ಮ ಮನೆಯ ಕಿಟಕಿಗೆ ಈ ಜಗಳ ಹಬ್ಬ ಹಬ್ಬಕ್ಕೂ ಕೇಳುತ್ತಿತ್ತು.

ಆ ವರ್ಷ ಫಕ್ಕೀರಪ್ಪ ಯಲ್ಲಪ್ಪನಿಗೆ ಹೇಳಿಕಳಿಸಿ ಮಿಲಿಟರಿ ರಮ್ಮಿನ ಒಂದು ಶೀಸೆ ತರಿಸಿದ. ಗೌರವ್ವ ಬೈಯಲಿಲ್ಲ. “ತರ್ರಿ, ನಾನೂ ಮಾಡೂದು ಕಲೀತೇನಿ. ಅಂವ ಬಂದು ಕೇಳಿದ್ರ ಕೊಡಾಕ ಬರಬೇಕಲ್ಲ” ಎಂದಳು. ಹೀಗೆ ಒಂದೇ ಪಾನಕವನ್ನು ಗಂಡ ಸತ್ತ ಮಗನಿಗೆಂದು, ಹೆಂಡತಿ ಬರಲಿರುವ ಮಗನಿಗೆಂದು ಸಿದ್ಧಮಾಡತೊಡಗಿದರು. ಇಬ್ಬರ ನಡುವೆ ಸಾಮಾನು ಹೊರುವವನು ನಾನು.

ಅನಾನಸಿಗೆಂದು ಫಕ್ಕೀರಪ್ಪನ ಜೊತೆ ಹಾನಗಲ್ಲಿಗೆ ಹೋಗಿದ್ದೆ. ಹಣ್ಣು ಕೊಂಡು ಬರುವಾಗ ಅಲ್ಲಿಯ ವೀರಗಲ್ಲುಗಳ ಮುಂದೆ ನಿಂತೆವು. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವಿನದರಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ಮೇಲೆ ಶಿವಲಿಂಗದ ಮುಂದೆ ಅವನು ಕುಳಿತಿದ್ದಾನೆ. ನಾನು ಪಾಠ ಹೇಳುವ ಧ್ವನಿಯಲ್ಲಿ ವಿವರಿಸಿದೆ. ಫಕ್ಕೀರಪ್ಪ ಅನಾನಸನ್ನು ಕಂಕುಳಲ್ಲಿ ಹಿಡಿದು ನೋಡುತ್ತಲೇ ಇದ್ದ. “ಇವರ ಅವ್ವ ಅಪ್ಪಗ ಚಲೋ ಇತ್ರಿ ಮಾಸ್ತರ್ರ. ಕಾದಿದ್ದು, ಸತ್ತಿದ್ದು, ಹೋಗಿ ಮುಟ್ಟಿದ್ದು, ಎಲ್ಲಾ ಕಲ್ಲಾಗ ಕೊರದು ಕೊಟ್ಟಾರ” ಎಂದ. ನಮ್ಮ ಕಾಲದ ಯುದ್ಧಕ್ಕೆ ನಡುವಿನ ಪಟ್ಟಿಯೂ ಇಲ್ಲ, ಮೇಲಿನದೂ ಇಲ್ಲ. ‘ಕಾಣೆ’ ಎಂಬ ಒಂದು ಮಾತಿದೆ.

ಈಗ ಅಡುಗೆಮನೆಯ ಬಾಗಿಲಿಗೆ ಮರಳುತ್ತೇನೆ.

ಗೌರವ್ವನಿಗೆ ಒಂದು ಕಟ್ಟುನಿಟ್ಟು. ಹೊರಗಿನಿಂದ ಬಂದದ್ದು ಏನೇ ಆಗಲಿ, ಒಲೆ ಕಾಣದೆ ಅವಳ ಮನೆಯಲ್ಲಿ ಬಾಯಿಗೆ ಹೋಗುವಂತಿಲ್ಲ. ಹಾಲು ಸರಿ. ಪೇಟೆಯ ತುಪ್ಪವನ್ನೂ ಕಾಯಿಸುತ್ತಿದ್ದಳು. ಒಮ್ಮೆ ನನಗೆ ಜ್ವರ ಬಂದಾಗ ದವಾಖಾನೆಯ ಕೆಂಪು ಔಷಧವನ್ನು ಕಾಯಿಸಿ ಕೊಟ್ಟಿದ್ದಳು. ವಾಸಿಯಾಯಿತು, ಯಾವುದರಿಂದ ಎಂದು ಹೇಳಲಾರೆ. ಅಂದೂ ರಸವನ್ನೆಲ್ಲ ಹಿಂಡಿಟ್ಟು, ಕಲಾಯಿ ಹಾಕಿದ ಪಾತೇಲಿಗೆ ರಮ್ಮು ಸುರಿದು ಒಲೆಯ ಮೇಲಿಟ್ಟಳು. ಶೀಸೆ ತಂದು ಹಬ್ಬಕ್ಕೆ ಉಳಿದಿದ್ದ ಯಲ್ಲಪ್ಪ, ಫಕ್ಕೀರಪ್ಪ ಇಬ್ಬರೂ ಆಗ ಹಿತ್ತಲಿನಲ್ಲಿ ಬಾಳೆ ಎಲೆ ಕೊಯ್ಯುತ್ತಿದ್ದರು. ಕಾಯಿಸಬಾರದೆಂದು ನನಗೂ ತಿಳಿದಿರಲಿಲ್ಲ.

ಆವಿ ಎದ್ದಿತು. ಮೂಗಿಗೆ ಚುಚ್ಚುವ ವಾಸನೆ. ಒಲೆಯ ಒಂದು ನಾಲಿಗೆ ಪಾತೇಲಿಯ ಅಂಚು ಮುಟ್ಟಿದ್ದೇ ತಡ, ರಮ್ಮಿನ ಮೇಲೆ ನೀಲಿ ಉರಿ ಹರಡಿತು. ಸದ್ದಿಲ್ಲ, ಹೊಗೆಯಿಲ್ಲ. ಗೌರವ್ವ ಹಿಂದೆ ಸರಿಯಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೋಡುತ್ತ ನಿಂತಳು. ಉರಿ ಸಣ್ಣದಾಗಿ, ಮಧ್ಯಕ್ಕೆ ಸರಿದು, ಒಮ್ಮೆ ನಡುಗಿ ಆರಿತು.

“ಅದರ ಜೀವ ಹ್ವಾತ್ರಿ ಮಾಸ್ತರ್ರ,” ಎಂದಳು.

ಉಳಿದ ಕಂದು ನೀರಿಗೆ ಹಣ್ಣಿನ ರಸ, ಸಕ್ಕರೆ, ಕೈ ತಡೆಯದೆ ಒಂದಿಷ್ಟು ಯಾಲಕ್ಕಿ ಸೇರಿಸಿದಳು. ಯಲ್ಲಪ್ಪ ಒಳಗೆ ಬಂದು, “ಬರ್ಫ ಹಾಕಬೇಕಿತ್ತು ಯವ್ವಾ” ಎಂದ. “ನಮ್ಮೂರಾಗ ಬರ್ಫ ಎಲ್ಲೈತೋ ತಮ್ಮಾ, ಹೊಸಾ ಗಡಿಗಿ ನೀರ ಐತಿ” ಎಂದು ಅದನ್ನೂ ಹಾಕಿದಳು. ಪಡಸಾಲೆಯಲ್ಲಿ ಉಣ್ಣುವವರ ಸಾಲಿಗೆ ನಾಲ್ಕು ಮಣೆ ಬಿದ್ದವು. ನಾವು ಗಂಡಸರು ಮೂವರು. ನಾಲ್ಕನೆಯದರ ಮುಂದೆ ಹನುಮಂತನ ಹಿತ್ತಾಳೆ ಲೋಟವನ್ನು ತುಂಬಿ ಇಟ್ಟಳು. ಫಕ್ಕೀರಪ್ಪ ಒಳಕೋಣೆಯ ಎಡೆಯ ಕಡೆ ನೋಡಿದ, ಲೋಟದ ಕಡೆ ನೋಡಿದ.

“ಮೊದಲ ನೀ ಕುಡದು ಹೇಳಪಾ. ರುಚಿ ಗೊತ್ತಿದ್ದವ ನೀ ಒಬ್ಬಾವ,” ಎಂದಳು ಯಲ್ಲಪ್ಪನಿಗೆ.

ಅವನು ಕುಡಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಹುಬ್ಬು ಒಂದು ಕ್ಷಣ ಮೇಲಕ್ಕೆ ಹೋಗಿ ಇಳಿಯಿತು. ಆಮೇಲೆ ನಕ್ಕ. “ಥೇಟ್ ಹಂತಾದ್ದ ಯವ್ವಾ! ಹನುಮಂತನ ಕೈಯಾಂದು ಹೆಂಗಿರತಿತ್ತೋ ಹಂಗ. ಏನೂ ಫರಕ್ ಇಲ್ಲ.”

ಗೌರವ್ವ ಅವನ ಮಣೆಯ ಎದುರಿಗೆ ಬಂದು ನಿಂತಳು.

“ಅದರ ಜೀವ ಒಲಿ ಮ್ಯಾಲ ಹೋಗೇತಿ ಯಲ್ಲಪ್ಪ. ಮಾಸ್ತರ್ರು ನೋಡ್ಯಾರ.”

ಅವನು ಲೋಟ ಕೆಳಗಿಟ್ಟ.

“ನನಗ ಕೆಟ್ಟ ಅನಸಬಾರದಂತ ಹೇಳಿದಿ. ಹೌದಲ್ಲ?” ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಅಡವ್ಯಾಗಿಂದೂ ಹಂಗ ಹೇಳಿದಿ. ನೀ ನೋಡೀದಿ.”

ಯಲ್ಲಪ್ಪ ತಲೆ ಎತ್ತಲಿಲ್ಲ. ಮಣೆಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ, “ನನ್ನ ತೊಡಿ ಮ್ಯಾಲ ತಲಿ ಇಟ್ಟಿದ್ದ ಯವ್ವಾ. ನೀರ ಕೇಳಿದ. ಕೊಟ್ಟೆ. ಕುಡದ,” ಎಂದ.

“ಕುಡದನಾ?”

“ಕುಡದ.”

ಗೌರವ್ವ ಬಗ್ಗಿ ನಾಲ್ಕನೆಯ ಮಣೆಯ ಮುಂದಿನ ಲೋಟವನ್ನು ಎತ್ತಿಕೊಂಡಳು. ಒಂದು ಹನಿಯೂ ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ಒಳಕೋಣೆಗೆ ಹೋದಳು. ಅಜ್ಜನ ತಂಬಾಕು, ಅಜ್ಜಿಯ ಎಲೆಯ ಪಕ್ಕದಲ್ಲಿ ಇಟ್ಟು ಹೊರಬಂದು, ತಾನೇ ಬಾಗಿಲು ಎಳೆದುಕೊಂಡಳು. ಫಕ್ಕೀರಪ್ಪ ಟವಲ್ಲಿನಿಂದ ಬಾಯಿ ಮುಚ್ಚಿಕೊಂಡ. ಬೇಡಿಕೊಂಡಿದ್ದು ಸಿಕ್ಕವನು ಅಷ್ಟು ಬಡವನಾಗಿ ಕಾಣುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಅವಳು ಯಾವತ್ತಿನ ಅಭ್ಯಾಸಬಲದಿಂದ ರಮ್ಮು ಕಾಯಿಸಿದಳೋ, ಅಥವಾ ಯಲ್ಲಪ್ಪನನ್ನು ಪರೀಕ್ಷಿಸಲೆಂದೇ ಉರಿ ಹತ್ತಿದ್ದನ್ನು ಹೇಳದೆ ಅವನ ಕೈಗೆ ಕೊಟ್ಟಳೋ, ನಾನು ನಿಂತ ಜಾಗದಿಂದ ತಿಳಿಯಲಿಲ್ಲ. ನನಗೆ ಆದ ಪರಿಣಾಮ ಇಷ್ಟೇ: ಯಾರಾದರೂ ಏನಾದರೂ ಬಡಿಸಿ ಹೇಗಿದೆ ಎಂದು ಕೇಳಿದರೆ ನಿಜ ಹೇಳಿಬಿಡುತ್ತೇನೆ. ಇದರಿಂದ ನಮ್ಮ ಮನೆಯಲ್ಲಿ ಆಗುತ್ತಿರುವ ತೊಂದರೆ ಸಣ್ಣದಲ್ಲ. ಸಾರಿನ ವಿಷಯದಲ್ಲಾದರೂ ಸ್ವಲ್ಪ ಸುಳ್ಳು ಕಲಿಯಿರಿ ಎಂದು ಹೆಂಡತಿ ಹೇಳುತ್ತಾಳೆ. ಕಲಿಯಬಹುದು. ಆದರೆ ಇನ್ನೊಬ್ಬರ ಸಣ್ಣ ಸುಳ್ಳನ್ನು ಪತ್ತೆ ಹಚ್ಚಿದ ಮನುಷ್ಯ ಅದರ ಹಿಂದೆಯೇ ದೊಡ್ಡದರ ತನಕ ನಡೆದು ಹೋಗುವುದನ್ನು ನಾನು ಕಣ್ಣಾರೆ ಕಂಡವನು.

ಗೌರವ್ವ ಈಗಿಲ್ಲ, ಫಕ್ಕೀರಪ್ಪನೂ ಇಲ್ಲ. ಇಬ್ಬರಿಗೂ ಮಗನಿಗೂ ಸೇರಿಸಿ ಎಡೆ ಇಡುವವನು ಯಲ್ಲಪ್ಪ. ಮಾಸೂರಿನಲ್ಲಿ, ಮದಗದ ಕೆರೆಯ ಕೆಳಗೆ ಗದ್ದೆ ಮಾಡಿಕೊಂಡು ಇದ್ದಾನೆ. ರಮ್ಮನ್ನು ಕಾಯಿಸಿಯೇ ಇಡುತ್ತಾನೆ, ಯಾಲಕ್ಕಿಯನ್ನೂ ಬಿಡುವುದಿಲ್ಲ. ಅಂದು ಆ ಬಾಗಿಲು ಮುಚ್ಚಿದ್ದನ್ನು ಕಂಡವರಲ್ಲಿ ಉಳಿದವರು ನಾನು ಮತ್ತು ಅವನು. ನೀಲಿ ಉರಿಯನ್ನು ಕಂಡವನು ನಾನೊಬ್ಬನೇ.