ಇಡ್ಲಿ ತಟ್ಟೆಯಲ್ಲಿ ಗಿಟಾರ್ ಪೆಡಲ್

ಯಲ್ಲಾಪುರಕ್ಕೆ ಬಂದ ಹೊಸತರಲ್ಲಿ, ನಾನು ಮುಖವನ್ನೇ ನೋಡಿರದ ಹೆಂಗಸೊಬ್ಬರು ಬಾಗಿಲಿಗೆ ಬಂದು, ನನ್ನ ಹಣೆಗೆ ಕುಂಕುಮ ಹಚ್ಚಿ, “ಬುಧವಾರ ನಮ್ಮನೇಲಿ ಪೂಜೆ, ಊಟಕ್ಕೆ ಬರವು” ಎಂದು ಹೊರಟೇಬಿಟ್ಟರು. ಹೆಸರನ್ನೂ ಕೇಳಲಿಲ್ಲ. ‘ಬರವು’ ಎಂದರೆ ಬರಬೇಕು. ಆಕೆ ಪಕ್ಕದ ಮನೆಯ ಸಾವಿತ್ರಕ್ಕ. ಪೂಜೆಯ ಸುದ್ದಿ ಹಿಂದಿನ ದಿನವೇ ಕೇರಿಯ ವಾಟ್ಸಾಪಿನಲ್ಲಿ ಬಂದಿತ್ತು. ಮತ್ತೆ ಬಿಸಿಲಲ್ಲಿ ಮನೆಮನೆ ತಿರುಗುವುದೇಕೋ! ನಮ್ಮ ಮೈಸೂರಿನಲ್ಲಾದರೆ ಒಂದು ಮೆಸೇಜಿಗೆ ಮುಗಿಯಿತು.

ಯಜಮಾನರಿಗೆ ವರ್ಗವಾಗಿ ಬಂದವರು ನಾವು. ತಂಬುಳಿಗೆ ನಾಲಿಗೆ ಬೇಗ ಒಗ್ಗಿತು. ಅರಬೈಲ್ ಘಟ್ಟ ಹತ್ತಿ ಬರುವ ಲಾರಿಗಳಿಗೆ ಕಿಟಕಿಯ ಗಾಜು ನಡುಗುವುದಕ್ಕೆ ಕಿವಿಯೂ ಒಗ್ಗಿತು. ಈ ಊರಿಗೆ ಒಗ್ಗದೆ ಉಳಿದದ್ದು ನನ್ನ ಗಿಟಾರ್. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಕಲಿಸಿದ್ದು. ಮೈಸೂರಿನಲ್ಲಿ ತಂಗಿ ನಳಿನಿಯ ಮನೆಯಲ್ಲಿ ನಾಲ್ಕೈದು ಜನ ಕೂತು ಪೆಡಲ್ ಕಟ್ಟುತ್ತಿದ್ದೆವು. ಗಿಟಾರಿಗೂ ಸ್ಪೀಕರಿಗೂ ನಡುವೆ ಇಡುವ ಪುಟ್ಟ ಪೆಟ್ಟಿಗೆ ಅದು. ಕಾಲಲ್ಲಿ ಒತ್ತಿದರೆ ನಾದ ಒರಟಾಗುತ್ತದೆ, ಇಲ್ಲವೇ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಇಲ್ಲಿ ನನ್ನ ಜೊತೆ ನುಡಿಸುವವರು ಯಾರಿದ್ದಾರೆ?

“ಪೆಡಲ್ ಕಟ್ಟೋದು, ಹಳೇದನ್ನ ಬಿಚ್ಚಿ ದನಿ ಬದಲಾಯಿಸೋದು, ಎರಡನ್ನೂ ಹೇಳಿಕೊಡೋ ಕಮ್ಮಟ ಮಾಡ್ತೀನಿ” ಎಂದು ಯಜಮಾನರಿಗೆ ಹೇಳಿದೆ. “ಒಬ್ಬರಾದ್ರೂ ಜೊತೆಗೆ ಸಿಗದಿದ್ರೆ ಗಿಟಾರನ್ನ ನಳಿನಿಗೆ ಕೊಟ್ಟುಬಿಡ್ತೀನಿ.”

ಕೇರಿಯ ಗುಂಪಿಗೆ, ಶಿರಸಿ, ಸಿದ್ದಾಪುರದ ಸಂಗೀತದ ಗುಂಪುಗಳಿಗೆ, ಭಾನುವಾರ ನಮ್ಮ ಮನೆಯಲ್ಲಿ ಕಮ್ಮಟ ಎಂದು ಪೋಸ್ಟರ್ ಕಳಿಸಿದೆ. ಹೆಬ್ಬೆರಳುಗಳು ಸಾಲಾಗಿ ಎದ್ದು ನಿಂತವು.

ಆ ಭಾನುವಾರ ಜಗಲಿಯಲ್ಲಿ ಚಾಪೆ ಹಾಸಿ, ಸಣ್ಣ ಸಣ್ಣ ಬಿಡಿಭಾಗಗಳು ಕಲೆಯದಿರಲೆಂದು ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲಿ ಒಂದೊಂದು ಬಗೆಯದನ್ನು ಹಾಕಿಟ್ಟೆ. ವಯರ್ ಬೆಸೆಯುವ ಕರೆಂಟಿನ ಕಡ್ಡಿ ಕಾದಿತ್ತು. ಗೇಟು ಸದ್ದಾದಾಗಲೆಲ್ಲ ಸೆರಗು ಸರಿಮಾಡಿಕೊಂಡು ಎದ್ದೆ. ಒಮ್ಮೆ ಹಾಲಿನವರು. ಇನ್ನೊಮ್ಮೆ ದನ. ಮಧ್ಯಾಹ್ನ ಕಡ್ಡಿಯ ಪ್ಲಗ್ ಕಿತ್ತೆ.

ಮರುದಿನ ಬಂದ ಸಾವಿತ್ರಕ್ಕ ತಟ್ಟೆಯೊಳಗೆ ಇಣುಕಿದರು. “ಇದೆಂತ ತಂಗಿ, ಇಡ್ಲಿ ಬದ್ಲು ವಯರ್ ಬೇಯಿಸ್ತ್ರಾ?”

ನಗಲಿಕ್ಕೆ ಹೋದವಳಿಗೆ ಅಳು ಬಂತು. ವಿಷಯ ಹೇಳಿದೆ.

“ನಮ್ಮ ಅಕ್ಕನ ಮಗ ಪ್ರಶಾಂತ, ಇಡಗುಂದಿಯವ. ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸ್ತ. ನಿನ್ನೆ ನಮ್ಮನೇಲೇ ಇದ್ದ. ಗಿಟಾರ್ ಚೀಲ ತೊಡೆ ಮೇಲೆ ಇಟ್ಕಂಡು ಕೂತಿದ್ದ.”

“ಪಕ್ಕದಲ್ಲೇ ಇದ್ದು ಯಾಕೆ ಬರಲಿಲ್ಲ?”

“ನೀವು ಕರೀಲೇ ಇಲ್ಲೆ!”

“ಗ್ರೂಪಿನಲ್ಲಿ ಹಾಕಿದ್ದೆನಲ್ಲ, ಅಕ್ಕ.”

“ಅದು ಸುದ್ದಿ. ಕರೆದಾಂಗೆ ಆಗ್ತಾ? ಮೆಟ್ಟಿಲು ಹತ್ತಿ ಬಂದು ಒಂದು ಮಾತು ‘ಬಾ’ ಅಂದಿದ್ರೆ ಓಡಿ ಬರ್ತಿದ್ದ. ಕರೆಯದೇ ಹೋಪಲೆ ನಂಗ್ಳಿಗೂ ಮರ್ಯಾದೆ ಇಲ್ಯಾ?”

“ಈಗಲೇ ಹೋಗಿ ಕರೀತೀನಿ.”

“ಬೆಳಿಗ್ಗೆ ಬಸ್ಸಿಗೆ ಗೋವಾಕ್ಕೆ ಹೋದ. ಅಲ್ಲಿ ಹೋಟೆಲಲ್ಲಿ ನುಡಿಸೋ ಕೆಲಸ ಸಿಕ್ಕಿದ್ದು. ಇನ್ನು ಇತ್ಲಾಗೆ ಯಾವಾಗ ಬರ್ತನೋ.”

ನಡುವೆ ಇದ್ದದ್ದು ಒಂದು ದಾಸವಾಳದ ಬೇಲಿ. ಅವನು ಆಚೆ ಕಾದಿದ್ದ, ನಾನು ಈಚೆ.

ಮತ್ತೆ ಕಮ್ಮಟ ಮಾಡುವ ಮನಸ್ಸಾಗಲಿಲ್ಲ. ಗುಳಿಗಳಿಂದ ಬಿಡಿಭಾಗಗಳನ್ನು ಹೆಕ್ಕಿ ಡಬ್ಬಕ್ಕೆ ತುಂಬಿ, ತಟ್ಟೆ ತೊಳೆದೆ. ಎಷ್ಟು ಉಜ್ಜಿದರೂ ವಯರಿನ ವಾಸನೆ ಹೋಗಲಿಲ್ಲ.

ಮೊನ್ನೆ ಮೈಸೂರಿನಿಂದ ನಳಿನಿಯ ಗೃಹಪ್ರವೇಶದ ಕಾರ್ಡ್ ಫೋನಿಗೆ ಬಂತು. ಗಿಟಾರನ್ನು ಚೀಲಕ್ಕೆ ಹಾಕಿ ಗೋಡೆಗೆ ಒರಗಿಸಿಟ್ಟೆ, ಹೋದಾಗ ಕೊಟ್ಟು ಬರೋಣವೆಂದು. ಆದರೆ ಟಿಕೆಟ್ ತೆಗೆಸಲು ಯಾಕೋ ಕೈ ಬರಲಿಲ್ಲ. ನಿನ್ನೆ ಅವಳೇ ಫೋನ್ ಮಾಡಿದಳು.

“ಏನೇ ಅಕ್ಕ, ಯಾವತ್ತು ಹೊರಡ್ತೀಯ? ಕಾರ್ಡ್ ಕಳಿಸಿದ್ನಲ್ಲ, ನೋಡ್ಲಿಲ್ವಾ?”

“ನೋಡಿದೆ,” ಎಂದೆ. “ನೀನು ಕರೀಲೇ ಇಲ್ಲ.”

ಆ ಕಡೆ ಅವಳು ಜೋರಾಗಿ ನಕ್ಕಳು. ನಾನು ನಗುತ್ತಿಲ್ಲವೆಂದು ಅವಳಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.