ವಾಮನ ಭಾವ ಮಾಡಿದ ಒಂದು ತಪ್ಪು

ಕಂಪ್ಯೂಟರಿನ ನೆತ್ತಿಯ ಮೇಲೆ ಅಂಗೈ ಇಟ್ಟು, ಮಗುವಿಗೆ ಜ್ವರ ಇದೆಯೋ ಎಂದು ನೋಡುವ ಹಾಗೆ ನೋಡುವವರನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ನನ್ನ ಅಕ್ಕನ ಗಂಡ ವಾಮನ ಭಾವ. ಕೈಗೆ ಬಿಸಿ ತಾಗಿದರೆ ಅವರಿಗೆ ಸಂತೋಷ. "ಬೇಯ್ತಾ ಉಂಟು" ಎಂದು ಹೇಳಿ ಕುರ್ಚಿ ಎಳೆದುಕೊಂಡು ಪೇಪರ್ ಓದಲು ಕುಳಿತುಬಿಡುತ್ತಿದ್ದರು.

ಜೆಪ್ಪುವಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ, ಗೃಹಪ್ರವೇಶ, ಭೂತಕೋಲದ ಆಮಂತ್ರಣ ಪತ್ರಿಕೆಗಳೇ ಹೆಚ್ಚು. ಭಾವ ಗಲ್ಫಿನ ಒಂದು ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು. ಅದನ್ನು ಬಿಟ್ಟು ಬಂದು ದೇರೆಬೈಲಿನಲ್ಲಿ ಮನೆ ಮಾಡಿದ ಮೇಲೆ ದಿನವೂ ಅಂಗಡಿಗೆ ಬರತೊಡಗಿದರು. ಬಂದವರೇ ನನ್ನ ಕಂಪ್ಯೂಟರಿನಲ್ಲಿ ಇದ್ದದ್ದನ್ನೆಲ್ಲ ಅಳಿಸಿ, ಕಂಪ್ಯೂಟರ್ ನಡೆಸುವ ಲಿನಕ್ಸ್ ವ್ಯವಸ್ಥೆಗಳಲ್ಲಿ ತಮಗೆ ಇಷ್ಟವಾದ ಒಂದನ್ನು ಹಾಕಿದರು. ಊರವರ ಕಂಪ್ಯೂಟರಿಗೆ ಪ್ರೋಗ್ರಾಂ ಸಿದ್ಧವಾಗಿಯೇ ಬರುತ್ತದೆ. ಇದಕ್ಕೆ ಹಾಗಲ್ಲ. ಪ್ರೋಗ್ರಾಂ ಬರೆದವರ ಮೂಲ ಬರಹವನ್ನು ತರಿಸಿಕೊಂಡು, ತನ್ನ ಮೈಗೆ ಹೊಂದುವ ಹಾಗೆ ತಾನೇ ತಯಾರಿಸಿಕೊಳ್ಳಬೇಕು. ದೊಡ್ಡದಾದರೆ ಅರ್ಧ ದಿನ ಹೋಯಿತು.

ನೀವು ರೆಡಿಮೇಡ್ ಅಂಗಿ ಹಾಕ್ತೀರಿ, ಕಂಪ್ಯೂಟರಿಗೆ ಮಾತ್ರ ಹೊಲಿಸ್ಬೇಕಾ ಎಂದು ಒಮ್ಮೆ ಕೆಣಕಿದೆ.

"ಅಂಗಿ ಬಿಗಿಯಾದ್ರೆ ಗುಂಡಿ ಬಿಡ್ಬಹುದು. ಇದಕ್ಕೆ ಗುಂಡಿ ಇಲ್ಲ ಮಾರಾಯ" ಎಂದರು.

ಹೀಗೆ ಕಂಪ್ಯೂಟರ್ ಪ್ರೋಗ್ರಾಂ ತಯಾರಿಸುತ್ತ ಬೇಯುತ್ತಿದ್ದ ಒಂದು ಮಧ್ಯಾಹ್ನ, ಮಗಳ ಮದುವೆಯ ಪತ್ರಿಕೆಗೆ ಬಂದ ಶೆಟ್ರೊಬ್ಬರು ಕಾಯಬೇಕಾಯಿತು. ಅವರು ಗಡಿಯಾರ ನೋಡಿದ ಹಾಗೆಲ್ಲ ಭಾವ ಚಹಾ ತರಿಸಿ, ಹುಡುಗಿಯ ಕಡೆಯ ಸಂಬಂಧಗಳನ್ನು ಒಂದೊಂದಾಗಿ ವಿಚಾರಿಸಿದರು. ಮಾತು ಸೋದರಮಾವಂದಿರ ಹತ್ತಿರ ಬಂದಾಗ ಶೆಟ್ರು ಎದ್ದುನಿಂತರು. ಹಿರಿಯ ಮಾವನ ಹೆಸರೇ ಅವರು ಬರೆದು ತಂದ ಪತ್ರಿಕೆಯಲ್ಲಿ ಬಿಟ್ಟುಹೋಗಿತ್ತು. ನಮ್ಮ ಕಡೆ ಅಷ್ಟು ಸಾಕು, ಅರ್ಧ ಮನೆತನ ಊಟಕ್ಕೆ ಬರುವುದಿಲ್ಲ. ಆಮೇಲೆ ಯಾರು ತಡವಾಯಿತೆಂದರೂ ಭಾವ ಈ ಮದುವೆಯ ಕತೆಯನ್ನೇ ಹೇಳುತ್ತಿದ್ದರು.

ತಯಾರಿ ನಡುವೆ ನಿಂತುಬಿಟ್ಟರೆ ಪರದೆಯ ತುಂಬ ಕೆಂಪು ಸಾಲುಗಳು. ನಾನು ಕೊನೆಯ ಸಾಲು ಓದಿ ಗಾಬರಿಯಾಗುವುದು, ಅವರು ನನ್ನ ಕೈಯಿಂದ ಮೌಸ್ ತೆಗೆದುಕೊಂಡು ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗುವುದು. "ಕೆಳಗಿನದ್ದೆಲ್ಲ ಅಳುವವರು. ಅವರ ಹತ್ರ ಕೇಳಿ ಎಂತ ಸಿಗ್ತದೆ? ಮೊದಲು ಬಿದ್ದದ್ದು ಯಾರು, ಅದನ್ನು ನೋಡು." ಇದನ್ನು ಎಷ್ಟು ಸಲ ಕೇಳಿದ್ದೇನೋ. ಕೇಳಿ, ಮುಂದಿನ ಸಲವೂ ಅವರನ್ನೇ ಕರೆಯುತ್ತಿದ್ದೆ.

ಹೃದಯದ ಆಪರೇಷನ್ ಆಗಬೇಕೆಂದು ಡಾಕ್ಟರರು ಹೇಳಿದ ಮೇಲೆ ಭಾವ ಮನೆಯ ಹೊಸ ಕಂಪ್ಯೂಟರಿನ ಮುಂದೆ ಕುಳಿತರು. ಅಂಗಡಿಗೆ ಬೇಕಾದ ಪ್ರೋಗ್ರಾಂಗಳನ್ನೆಲ್ಲ ಅದರಲ್ಲೇ ತಯಾರಿಸಿ, ಸಿದ್ಧ ಪ್ಯಾಕೇಜು ಮಾಡಿ, ಪೆನ್‌ಡ್ರೈವಿನಲ್ಲಿ ತಂದುಕೊಟ್ಟರು. ರೆಡಿಮೇಡ್ ಎಂದರೆ ಮೂಗು ಮುರಿಯುತ್ತಿದ್ದ ಮನುಷ್ಯ. ನಾನು ಮುಖ ನೋಡಿದೆ.

"ನಾನಿಲ್ಲದಿದ್ರೂ ಅಂಗಡಿ ನಡೀಬೇಕಲ್ಲ" ಎಂದರು. ಅವರ ಚಿಂತೆ ಆಪರೇಷನ್ನಿನದ್ದಾಗಿರಲಿಲ್ಲ, ಇದಾಗಿತ್ತು.

ಅವರು ಕಂಕನಾಡಿಯ ಆಸ್ಪತ್ರೆಗೆ ಸೇರಿದ ದಿನ ನಾನು ಆ ಪ್ಯಾಕೇಜುಗಳನ್ನು ಹಾಕಿದೆ. ನಡುವೆ ನಿಂತಿತು. ಪತ್ರಿಕೆಗಳಲ್ಲಿ ಕನ್ನಡ ಅಕ್ಷರಗಳಿದ್ದಲ್ಲಿ ಬರೀ ಚೌಕಗಳು. ಕಂಪ್ಯೂಟರಿನ ಸುದ್ದಿ ಅವರ ಕಿವಿಗೆ ಹಾಕಬೇಡ ಎಂದು ಅಕ್ಕ ಮೊದಲೇ ಗದರಿಸಿದ್ದಳು. ಬೇರೆ ದಾರಿಯಿಲ್ಲದೆ ಅಳುವವರನ್ನೆಲ್ಲ ದಾಟಿ ಮೇಲಕ್ಕೆ ಹೋದೆ. ಮೊದಲು ಬಿದ್ದದ್ದು ಅಕ್ಷರಗಳನ್ನು ಜೋಡಿಸಿಡುವ ಸಣ್ಣ ಪ್ರೋಗ್ರಾಂ. ನನ್ನ ಯಂತ್ರಕ್ಕೆ ತಿಳಿಯದ ಯಾವುದೋ ಆಜ್ಞೆಯನ್ನು ಅದು ಕೊಟ್ಟಿತ್ತು. ಅದೇ ಪ್ರೋಗ್ರಾಂ ಭಾವನ ಮನೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತಲ್ಲ ಎಂದು ಯೋಚಿಸುತ್ತ ಕುಳಿತವನಿಗೆ ವಿಷಯ ಹೊಳೆಯಿತು. ಸಿದ್ಧ ಪ್ಯಾಕೇಜುಗಳನ್ನೆಲ್ಲ ತೆಗೆದು, ಮೂಲದಿಂದಲೇ ತಯಾರಾಗಲು ಹಚ್ಚಿ ಬಂದೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಅವರು ಕೇಳಿದ್ದೇ ಅದನ್ನು.

"ಹಾಕಿದ್ಯಾ? ಸರಿ ಹೋಯ್ತಾ?"

"ಇಲ್ಲ ಭಾವ. ಅಕ್ಷರದ ಪ್ರೋಗ್ರಾಂ ಮೊದಲು ಬಿತ್ತು."

"ಯಾಕೆ?" ಪರೀಕ್ಷೆ ಮಾಡುವ ಮೇಷ್ಟ್ರ ಧ್ವನಿ.

"ನಿಮ್ಮ ಹೊಸ ಮೆಷಿನಿನ ಅಳತೆಗೆ ಹೊಲಿದು ನನ್ನ ಹಳೇದಕ್ಕೆ ತೊಡಿಸಿದ್ದೀರಿ. ಈಗ ನನ್ನದರಲ್ಲೇ ಮಾಡ್ಲಿಕ್ಕೆ ಇಟ್ಟಿದ್ದೇನೆ. ಬೆಳಿಗ್ಗೆ ನೋಡಿದ್ರೆ ಅಕ್ಷರ ಬಂದಿತ್ತು."

ಭಾವ ಹೊಟ್ಟೆ ಕುಣಿಯುವ ಹಾಗೆ ನಗತೊಡಗಿದರು.

"ಎಂತ ನಗು ಇದು? ಸುಮ್ನೆ ಮಲಗ್ಲಿಕ್ಕೆ ಹೇಳಿದ್ದಾರೆ" ಎಂದಳು ಅಕ್ಕ.

"ನಿನ್ನ ತಮ್ಮ ನನ್ನ ತಪ್ಪು ಹಿಡಿದ ಮಾರಾಯ್ತಿ."

ಅಂಗಡಿ ಮುಚ್ಚಿಟ್ಟು ಇಲ್ಲಿ ಕೂತು ಎಂತ ಮಾಡ್ತೀ ಎಂದು ನನ್ನನ್ನು ಆಗಲೇ ಓಡಿಸಿದರು. ನಾನು ಅವರ ಜೊತೆ ಮಾತಾಡಿದ್ದು ಅದೇ ಕೊನೆ. ಆಪರೇಷನ್ ಮುಗಿದ ಮೇಲೆ ಅವರಿಗೆ ಎಚ್ಚರವಾಗಲಿಲ್ಲ.

ಮೊನ್ನೆ ಅಕ್ಕ ಹೇಳಿದಳು. ಒಳಗೆ ಕರೆದುಕೊಂಡು ಹೋಗುವಾಗಲೂ ಭಾವ ಸ್ಟ್ರೆಚರಿನಲ್ಲಿ ಮಲಗಿಕೊಂಡೇ, ನನ್ನ ಭಾವಮೈದುನ ನನ್ನ ತಪ್ಪು ಹಿಡಿದ ಎಂದು ನರ್ಸಿಗೆ ಹೇಳುತ್ತಿದ್ದರಂತೆ. ಅವಳು ಕೇರಳದ ಹುಡುಗಿ, ಕನ್ನಡ ಅಷ್ಟಕ್ಕಷ್ಟೆ. ಏನು ಅರ್ಥವಾಯಿತೋ, ಅವರ ಹೊದಿಕೆ ಸರಿಮಾಡುತ್ತ "ಒಳ್ಳೇದಾಯ್ತಲ್ಲ ಅಂಕಲ್" ಎಂದಳಂತೆ.